ಐತವಾರದ ಹಳೆ ಗಾಡಿ: ಸಾಲಹಳ್ಳಿ ದಾರಿಯ ಮೋಟಾರು ಕಥೆ

1/6
ಕೋಟೆ, ಶಾಸನ, ಗುಡಿ ಅಷ್ಟ ಇತಿಹಾಸ ಅಲ್ರಿ. ದಾರಿ ಮ್ಯಾಲೆ ಓಡಾಡಿದ ಗಾಡಿಗೂ ಒಂದು ಇತಿಹಾಸ ಐತಿ. ರಾಮದುರ್ಗ ತಾಲೂಕಿನ ಸಾಲಹಳ್ಳಿ ಕಡೆ ಇವತ್ತು ಒಂದು ಹಳೆ ಅಂಬಾಸಿಡರ್ ಬಂತಂದ್ರ ಹುಡುಗ್ರು ಫೋಟೋ ತಗೀತಾರ. ಹಿರಿಯರು ಮಾತ್ರ ಯಾರ ಮದುವೆ, ಯಾವ ಜಾತ್ರೆ, ಯಾರನ್ನ ದವಾಖಾನಿಗೆ ಒಯ್ದದ್ದು ಅಂತ ಲೆಕ್ಕ ಹಾಕ್ತಾರ. ಇಂಥ ಗಾಡಿಯನ್ನು ರಜೆಯ ದಿನ ಹೊರಗೆ ತೆಗೆದು ಒಂದು ಸುತ್ತು ಹೋಗಿಬರುವ ಹವ್ಯಾಸ ಈಗ ಬೆಳೀತಾ ಇದೆ. ಅದು ಎಲ್ಲಿಂದ ಬಂತು, ಮುಂದ ಉಳೀತದೋ ಇಲ್ಲೋ, ನೋಡೋಣ ಬರ್ರಿ.

2/6
ಮೊದಲ ದೂರ ಪ್ರಯಾಣ ಮಾಡಿದಾಕಿ ಒಬ್ಬ ತಾಯಿ. 1888ರ ಆಗಸ್ಟ್‌ನಲ್ಲಿ ಜರ್ಮನಿಯ ಬೆರ್ಥಾ ಬೆಂಜ್ ಗಂಡನಿಗೆ ಹೇಳದೆ, ಇಬ್ಬರು ಗಂಡುಮಕ್ಕಳನ್ನು ಕೂಡಿಸಿಕೊಂಡು, ಗಂಡ ಕಾರ್ಲ್ ಬೆಂಜ್ ಕಟ್ಟಿದ ಮೂರು ಗಾಲಿಯ ಗಾಡಿಯಲ್ಲಿ ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ಹೊರಟಳು. ಸುಮಾರು 105 ಕಿ.ಮೀ. ಪೆಟ್ರೋಲ್ ಬಂಕ್ ಅಂತೂ ಇರಲಿಲ್ಲ, ಇಂಧನ ಕೊಂಡದ್ದು ಔಷಧಿ ಅಂಗಡಿಯಲ್ಲಿ! ಕಟ್ಟಿಕೊಂಡ ಇಂಧನದ ಕೊಳವೆಯನ್ನು ಟೋಪಿಯ ಪಿನ್ನಿನಿಂದ ಬಿಡಿಸಿದಳು. ಸವೆದ ಬ್ರೇಕಿಗೆ ಚಮ್ಮಾರರ ಹತ್ತಿರ ತೊಗಲು ಹೊಡೆಸಿದಳು. ಹೊರಟದ್ದು ತವರಿಗೆ. ಆದರೆ ಈ ಗಾಡಿ ನಂಬಿ ದೂರ ಹೋಗಬಹುದು ಅಂತ ಜನಕ್ಕೆ ತೋರಿಸಿದ್ದು ಆ ಪ್ರಯಾಣ.

ಹಳೆ ಗಾಡಿ ಓಡಿಸೋದನ್ನ ಒಂದು ಹಬ್ಬ ಮಾಡಿದವರು ಇಂಗ್ಲೆಂಡಿನವರು. ಮೋಟಾರು ಗಾಡಿಗಳ ಮೇಲಿನ ವೇಗದ ಕಟ್ಟುಪಾಡು ಸಡಿಲಾದ ಖುಷಿಗೆ 1896ರಲ್ಲಿ ಲಂಡನ್‌ನಿಂದ ಬ್ರೈಟನ್‌ವರೆಗೆ ಗಾಡಿ ಓಡಿಸಿದರು. 1927ರಿಂದ ಅದರ ನೆನಪಿಗೆ ಹಳೆ ಗಾಡಿಗಳ ಓಟ ಸುರುವಾಯಿತು. ನಮ್ಮ ದೇಶದಲ್ಲಿ ದಿಲ್ಲಿಯ ಸ್ಟೇಟ್ಸ್‌ಮನ್ ರ‍್ಯಾಲಿ 1964ರಲ್ಲಿ ಸುರುವಾಯಿತು.

3/6
ನಮ್ಮ ಭಾಗಕ್ಕೆ ಬರೋಣ. ರಾಮದುರ್ಗ ಆಗ ಭಾವೆ ಮನೆತನದ ಸಂಸ್ಥಾನ. ಆ ಕಾಲಕ್ಕೆ ಮೋಟಾರು ಅಂದ್ರ ಅರಸರು, ಬ್ರಿಟಿಷ್ ಸಾಹೇಬರು, ದೊಡ್ಡ ವ್ಯಾಪಾರಸ್ಥರ ಮಾತು. ಗಾಡಿ ಹಡಗಿನಲ್ಲಿ ಬರುತ್ತಿತ್ತು. 1928ರಲ್ಲಿ ಜನರಲ್ ಮೋಟಾರ್ಸ್ ಮುಂಬಯಿಯಲ್ಲಿ ಜೋಡಣೆ ಕಾರ್ಖಾನೆ ತೆರೆಯಿತು. ಹಾಗಾಗಿ ಬಿಡಿಭಾಗ ತಂದು ಇಲ್ಲೇ ಕೂಡಿಸಿದ ಷೆವ್ರೊಲೆಗಳೂ ನಮ್ಮ ದಾರಿಗಳಿಗೆ ಬಂದವು.

1948ರಲ್ಲಿ ಸಂಸ್ಥಾನ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. 1956ರಲ್ಲಿ ಮೈಸೂರು ರಾಜ್ಯ, 1973ರಲ್ಲಿ ಕರ್ನಾಟಕ. ಊರು ಇದ್ದಲ್ಲೇ ಇತ್ತು, ದಾರಿ ಇದ್ದಲ್ಲೇ ಇತ್ತು, ರಾಜ್ಯದ ಹೆಸರು ಮಾತ್ರ ಬದಲಾಗುತ್ತ ಹೋಯಿತು. ಈಗಿನ 'ಕೆಎ' ನಂಬರ್ ಬಂದದ್ದು 1989ರಲ್ಲಿ. ಅದಕ್ಕೂ ಮೊದಲಿನ 'ಎಂವೈ', 'ಎಂಇ', 'ಸಿಎ' ಅಂತ ಸುರುವಾಗೋ ಪ್ಲೇಟ್ ಎಲ್ಲರ ಕಂಡ್ರ ನಿಂತು ನೋಡ್ರಿ, ಅದೂ ಒಂದು ದಾಖಲೆನ.

4/6
ಸ್ವಾತಂತ್ರ್ಯದ ಮೇಲೆ ದೇಶದೊಳಗೇ ಗಾಡಿ ತಯಾರಾಗಬೇಕು ಅನ್ನೋ ನೀತಿ ಬಂತು. ಬರೀ ಜೋಡಣೆ ಮಾಡುತ್ತಿದ್ದ ಜನರಲ್ ಮೋಟಾರ್ಸ್ 1954ರಲ್ಲಿ ಬಾಗಿಲು ಹಾಕಿತು. ಉಳಿದವು ಕೆಲವೇ ಕಂಪನಿ. ಹಿಂದುಸ್ತಾನ್ ಮೋಟಾರ್ಸ್ 1957ರಲ್ಲಿ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮಾದರಿಯಿಂದ ಅಂಬಾಸಿಡರ್ ತಂದಿತು. ವಾಲಚಂದ್ ಹೀರಾಚಂದರ ಪ್ರೀಮಿಯರ್ ಕಂಪನಿ ಫಿಯಟ್ 1100 ಮಾಡಿತು, 1974ರಲ್ಲಿ ಅದೇ 'ಪದ್ಮಿನಿ' ಆಯಿತು. ಹೆಸರು ಬದಲಾದರೂ ನಮ್ಮ ಮಂದಿಗೆ ಅದು ಕೊನೀತನಕ 'ಫಿಯಾಟ್'!

ದುಡ್ಡು ಇದ್ದರೂ ಗಾಡಿ ಸಿಗುತ್ತಿರಲಿಲ್ಲ, ಹೆಸರು ಹಚ್ಚಿ ವರ್ಷಗಟ್ಟಲೆ ಕಾಯಬೇಕು. ಅದಕ್ಕ ಹಳ್ಳಿ ಕಡೆ ಕಾರು ಒಬ್ಬರ ಹೆಸರಿನಲ್ಲಿದ್ದರೂ ಹತ್ತು ಮನಿಗೆ ಆಗುತ್ತಿತ್ತು. ಲಗ್ನಕ್ಕೂ ಅದೇ, ಬಾಣಂತಿ ಕರೆತರಲಿಕ್ಕೂ ಅದೇ, ಎಲ್ಲಮ್ಮನ ಗುಡ್ಡಕ್ಕೂ ಅದೇ. ಮುಂದಿನ ಉದ್ದ ಸೀಟಿನಲ್ಲಿ ಮೂವರು, ಹಿಂದ ಎಷ್ಟು ಮಂದಿ ಅಂತ ಎಣಿಸಬ್ಯಾಡ್ರಿ. 1983ರ ಡಿಸೆಂಬರ್‌ನಲ್ಲಿ ಮಾರುತಿ 800 ಬಂದ ಮೇಲೆ ಈ ಗಾಡಿಗಳ ಕಾಲ ಇಳಿಯಿತು. 2014ರಲ್ಲಿ ಅಂಬಾಸಿಡರ್ ತಯಾರಿಕೆಯೇ ನಿಂತಿತು.

5/6
ಈಗ ಓಡಿಸೋ ಸುಖಕ್ಕೆ ಬರೋಣ. ಹಳೆ ಗಾಡಿಗೆ ಅವಸರ ಆಗೂದಿಲ್ಲ. ಮುಂಜಾನೆ ಚೋಕ್ ಎಳೆದು, ಇಂಜಿನ್ ಬೆಚ್ಚಗಾಗೋ ತನಕ ಕಾಯಬೇಕು. ಐವತ್ತರ ವೇಗದಲ್ಲಿ ಹೋದ್ರ ದಾರಿ ಕಾಣತದ: ಸುರೇಬಾನದ ಹತ್ತಿರದ ಶಬರಿಕೊಳ್ಳ, ತೊರಗಲ್ಲಿನ ಕೋಟೆ ಮತ್ತು ಭೂತನಾಥ ಗುಡಿ, ಗೊಡಚಿ ವೀರಭದ್ರ, ದೂರ ಹೋಗೋರಿಗೆ ಮಲಪ್ರಭೆಯ ನವಿಲುತೀರ್ಥ. ಎಲ್ಲಮ್ಮನ ಗುಡ್ಡ ಏರೋ ಮುಂಚೆ ರೇಡಿಯೇಟರ್ ನೀರು ನೋಡಿಕೊಳ್ಳಿ. ಕಬ್ಬಿನ ಸೀಸನ್‌ನಲ್ಲಿ ಎರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್ ಹಿಂದೆ ಅಂತರ ಬಿಡಿ, ಹಳೆ ಡ್ರಮ್ ಬ್ರೇಕ್ ಹೊಸ ಗಾಡಿಯಷ್ಟು ಗಕ್ಕನೆ ಹಿಡಿಯೋದಿಲ್ಲ.

ಇನ್ನೊಂದು ಮಾತು. ನಿಂತ ಗಾಡಿ ಬೇಗ ಹಾಳಾಗ್ತದ. ಬ್ಯಾಟರಿ ಇಳೀತದ, ಟೈರು ಒಂದ ಕಡೆ ಕೂಡ್ತದ, ಬ್ರೇಕ್ ಜಾಮ್ ಆಗ್ತದ. ವಾರಕ್ಕೊಮ್ಮೆ ಓಡಿಸೋದು ಬರೀ ಷೋಕಿ ಅಲ್ಲ, ಅದ ಗಾಡಿಯ ಆರೈಕೆ.

6/6
ಈ ಐತವಾರದ ಓಡಾಟಕ್ಕೆ ಈಗ ಎರಡು ತೊಡಕು.

ಒಂದು, ಕಾಗದ. 15 ವರ್ಷ ಮೀರಿದ ಕಾರಿಗೆ ನೋಂದಣಿ ನವೀಕರಿಸಬೇಕು. 600 ರೂಪಾಯಿ ಇದ್ದ ಶುಲ್ಕ 2022ರಲ್ಲಿ 5,000 ಆಯಿತು. 2025ರಲ್ಲಿ, 20 ವರ್ಷ ಮೀರಿದ ಕಾರಿಗೆ 10,000. 50 ವರ್ಷ ದಾಟಿ ಮೂಲ ರೂಪದಲ್ಲೇ ಇರುವ ಗಾಡಿಗೆ 2021ರ ನಿಯಮದಂತೆ 'ವಿಎ' ಎಂಬ ವಿಂಟೇಜ್ ನೋಂದಣಿ ಉಂಟು, ಶುಲ್ಕ 20,000. ಆದರೆ ಅದನ್ನು ಪಡೆದ ಗಾಡಿ ಪ್ರದರ್ಶನ, ರ‍್ಯಾಲಿ, ಸಂಶೋಧನೆ, ಇಂಧನ, ದುರಸ್ತಿ ಇಂಥ ಕೆಲಸಕ್ಕೆ ಮಾತ್ರ ರಸ್ತೆಗೆ ಇಳಿಯಬಹುದು. ದಿನದ ಓಡಾಟಕ್ಕೂ ಬಾಡಿಗೆಗೂ ಇಲ್ಲ. ಮನಿ ಮಂದಿ ಕೂಡಿ ಗೊಡಚಿಗೆ ಹೋಗಿಬರೋರು ಈ ನೋಂದಣಿ ಮಾಡಿಸೋ ಮುಂಚೆ ಎರಡು ಸಲ ಯೋಚಿಸಿ.

ಎರಡು, ಪೆಟ್ರೋಲ್. ಶೇ 20 ಎಥೆನಾಲ್ ಬೆರೆಸಿದ ಪೆಟ್ರೋಲ್‌ಗೆ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಸಿಕ್ಕಿತು, ಈಗ ಎಲ್ಲ ಕಡೆ ಅದೇ. ಎಥೆನಾಲ್ ನೀರು ಹೀರುತ್ತದೆ, ಹಳೆ ರಬ್ಬರ್ ಪೈಪು, ಪಂಪಿನ ಪೊರೆಗಳನ್ನು ಮೆತ್ತಗೆ ಮಾಡುತ್ತದೆ. ವಿಚಿತ್ರ ನೋಡ್ರಿ, ಆ ಎಥೆನಾಲ್ ಬರೋದು ನಮ್ಮ ಜಿಲ್ಲೆಯಂಥ ಕಬ್ಬಿನ ನಾಡಿನಿಂದನ. ರೈತರಿಗೆ ಅದರಿಂದ ಆಸರ ಐತಿ, ಬ್ಯಾಡ ಅನ್ನಲಿಕ್ಕೆ ಬರೂದಿಲ್ಲ. ಗಾಡಿಯವರು ಮಾಡಬೇಕಾದ್ದು ಇಷ್ಟ: ಎಥೆನಾಲ್ ತಡಕೊಳ್ಳೋ ಪೈಪು ಹಾಕಿಸಿ, ಟ್ಯಾಂಕಿನಲ್ಲಿ ಪೆಟ್ರೋಲ್ ತಿಂಗಳುಗಟ್ಟಲೆ ಬಿಡಬೇಡಿ.

ವಸ್ತುಸಂಗ್ರಹಾಲಯ ಬೇಕು. ಧರ್ಮಸ್ಥಳದ ಮಂಜೂಷಾದಲ್ಲಿ ಹಳೆ ಕಾರುಗಳ ದೊಡ್ಡ ಸಂಗ್ರಹವೇ ಇದೆ, ಹೋದಾಗ ತಪ್ಪದೆ ನೋಡಿ. ಆದರೆ ಅಲ್ಲಿ ಇಂಜಿನ್ ಸಪ್ಪಳ ಕೇಳೂದಿಲ್ಲ, ಕಾರ್ಬೊರೇಟರ್ ಬಿಚ್ಚಿ ತೊಳೆದು ಕಿವಿಗೊಟ್ಟು ಟ್ಯೂನಿಂಗ್ ಮಾಡೋ ಮಿಸ್ತ್ರಿಯ ಕೆಲಸವೂ ಕಾಣೂದಿಲ್ಲ. ಆ ಕಸುಬು ಉಳಿಯೋದು ಗಾಡಿ ದಾರಿ ಮ್ಯಾಲೆ ಇದ್ದಾಗ ಮಾತ್ರ. ಹಿತ್ತಲಲ್ಲಿ ಅಜ್ಜನ ಗಾಡಿ ನಿಂತಿದ್ರ ಗುಜರಿಗೆ ಹಾಕೋ ಮುಂಚೆ ಒಬ್ಬ ಹಳೆ ಮಿಸ್ತ್ರಿಗೆ ತೋರಿಸ್ರಿ, ಆರ್‌ಸಿ ಹುಡುಕಿ ಇಡ್ರಿ.

ನಿಮ್ಮೂರಿಗೆ ಮೊದಲು ಬಂದ ಕಾರು ಯಾವುದು? ಮನಿಯ ಹಿರಿಯರನ್ನ ಕೇಳಿ ಕೆಳಗ ಬರೀರಿ 👇🏽

#ಸಾಲಹಳ್ಳಿ #ರಾಮದುರ್ಗ #ಸವದತ್ತಿ #ಬೆಳಗಾವಿ #ಅಂಬಾಸಿಡರ್ #ಹಳೆಗಾಡಿ #ನಮ್ಮೂರಇತಿಹಾಸ