ಜಾಯಿನ್ (ರೂಬಿ)

ಜಾಯಿನ್ ಎಂಬುದು ರೂಬಿ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಅರೇಯೊಂದರ ಅಂಶಗಳನ್ನು ಕ್ರಮವಾಗಿ ಜೋಡಿಸಿ ಒಂದೇ ಸ್ಟ್ರಿಂಗ್ ಆಗಿಸುವ ಮೆಥಡ್. ಅಂಶಗಳ ನಡುವೆ ಇರಿಸುವ ಅಲ್ಪವಿರಾಮ, ಅಡ್ಡಗೆರೆ ಮೊದಲಾದ ಚಿಹ್ನೆಯನ್ನು ವಿಭಾಜಕ ಎನ್ನುತ್ತಾರೆ. ರೂಬಿ ಭಾಷೆಯನ್ನು ಜಪಾನಿನ ಯುಕಿಹಿರೊ ಮಾತ್ಸುಮೊಟೊ ರೂಪಿಸಿದರು. ಅದು 1995ರಲ್ಲಿ ಸಾರ್ವಜನಿಕವಾಗಿ ಬಿಡುಗಡೆಯಾಯಿತು.

ಬಳಕೆ

["ರಾಗಿ", "ಜೋಳ", "ಭತ್ತ"] ಎಂಬ ಅರೇಯ ಮೇಲೆ "-" ವಿಭಾಜಕದೊಡನೆ ಜಾಯಿನ್ ಪ್ರಯೋಗಿಸಿದರೆ "ರಾಗಿ-ಜೋಳ-ಭತ್ತ" ಎಂಬ ಸ್ಟ್ರಿಂಗ್ ದೊರೆಯುತ್ತದೆ. ವಿಭಾಜಕವು ಅಂಶಗಳ ನಡುವೆ ಮಾತ್ರ ಬರುತ್ತದೆ. ಮೊದಲಿಗಾಗಲಿ ಕೊನೆಗಾಗಲಿ ಸೇರುವುದಿಲ್ಲ. ವಿಭಾಜಕವನ್ನು ಕೊಡದಿದ್ದಲ್ಲಿ ಸಾಮಾನ್ಯವಾಗಿ "ರಾಗಿಜೋಳಭತ್ತ" ಎಂದು ಎಲ್ಲವೂ ಕೂಡಿಕೊಳ್ಳುತ್ತವೆ. ಮೂಲ ಅರೇ ಬದಲಾಗದೆ ಹಾಗೆಯೇ ಉಳಿಯುತ್ತದೆ.

ಸಂಖ್ಯೆಗಳು ತಾವಾಗಿಯೇ ಸ್ಟ್ರಿಂಗ್ ರೂಪಕ್ಕೆ ಪರಿವರ್ತನೆಯಾಗುತ್ತವೆ. ಅರೇಯೊಳಗೆ ಇನ್ನೊಂದು ಅರೇ ಇದ್ದರೆ ಅದರ ಅಂಶಗಳೂ ಅದೇ ವಿಭಾಜಕದಿಂದ ಜೋಡಣೆಗೊಳ್ಳುತ್ತವೆ: [1, [2, 3]] ಎಂಬುದು ಅಲ್ಪವಿರಾಮದೊಡನೆ "1,2,3" ಆಗುತ್ತದೆ. ಬೆಲೆಯಿಲ್ಲದ ಅಂಶವಾದ ನಿಲ್ ಖಾಲಿ ಸ್ಟ್ರಿಂಗ್ ಆಗುವುದರಿಂದ [1, ನಿಲ್, 3] ಎಂಬುದು "1,,3" ಎಂದಾಗುತ್ತದೆ. ಇದು ಬೇಡವಾದಾಗ ಮೊದಲು ಕಂಪ್ಯಾಕ್ಟ್ ಮೆಥಡ್ ಬಳಸಿ ನಿಲ್ ಅಂಶಗಳನ್ನು ತೆಗೆಯಬಹುದು.

ಮಿತಿ

ಸ್ಟ್ರಿಂಗನ್ನು ಮತ್ತೆ ಬಿಡಿಸಿ ಅರೇಯಾಗಿಸಲು ಸ್ಪ್ಲಿಟ್ ಎಂಬ ಮೆಥಡ್ ಇದೆ. ಆದರೆ ಹೀಗೆ ಬಿಡಿಸಿದಾಗ ಮೂಲ ಅರೇಯೇ ಮರಳಿ ಬರುತ್ತದೆಂಬ ಭರವಸೆಯಿಲ್ಲ. ["ಮೈಸೂರು,ಕರ್ನಾಟಕ", "570001"] ಎಂಬ ಎರಡು ಅಂಶಗಳನ್ನು ಅಲ್ಪವಿರಾಮದಿಂದ ಜೋಡಿಸಿ, ಅದರಿಂದಲೇ ಬಿಡಿಸಿದರೆ ಮೂರು ಅಂಶಗಳು ದೊರೆಯುತ್ತವೆ; ಯಾವ ಅಲ್ಪವಿರಾಮ ವಿಳಾಸದ್ದು, ಯಾವುದು ವಿಭಾಜಕ ಎಂಬ ಭೇದ ಜೋಡಿಸುವಾಗಲೇ ಅಳಿದಿರುತ್ತದೆ. 570001 ಕೂಡ, ಮೂಲದಲ್ಲಿ ಸಂಖ್ಯೆಯಾಗಿದ್ದರೂ, ಸ್ಟ್ರಿಂಗ್ ಆಗಿಯೇ ಹಿಂದಿರುಗುತ್ತದೆ. ಆದ್ದರಿಂದ ಓದುಗರಿಗೆ ತೋರಿಸುವ ಪಠ್ಯಕ್ಕೆ ಜಾಯಿನ್ ಸಾಕು. ಮತ್ತೆ ಓದಿಕೊಳ್ಳಬೇಕಾದ ದತ್ತಾಂಶವನ್ನು ಉಳಿಸಲು, ಅಲ್ಪವಿರಾಮವಿರುವ ಅಂಶವನ್ನು ಉದ್ಧರಣ ಚಿಹ್ನೆಗಳ ನಡುವೆ ಬರೆಯುವ ರೂಬಿಯ ಸಿಎಸ್‌ವಿ ಲೈಬ್ರರಿ ಹೆಚ್ಚು ಸೂಕ್ತ.