ರಸವಾದವೂ ವಚನಕಾರರ ಪರುಷವೂ

ವಚನಗಳನ್ನೂ ‘ಪ್ರಭುಲಿಂಗಲೀಲೆ’ಯಂತಹ ಕಾವ್ಯಗಳನ್ನೂ ಪಾಠ ಹೇಳುವಾಗ ‘ಪರುಷ’, ‘ಸಿದ್ಧರಸ’ ಎಂಬ ಮಾತುಗಳು ಎದುರಾದರೆ, ‘ಕಬ್ಬಿಣವನ್ನು ಚಿನ್ನವಾಗಿಸುವ ವಸ್ತು’ ಎಂದು ಎರಡಕ್ಕೂ ಒಂದೇ ಅರ್ಥವನ್ನು ಹೇಳಿ ಮುಂದಕ್ಕೆ ಸಾಗುವುದು ವಾಡಿಕೆ. ಕೋಶದ ಮಟ್ಟಿಗೆ ಇದು ತಪ್ಪಲ್ಲ. ಆದರೆ ಈ ಪದಗಳ ಹಿಂದೆ ರಸವಾದವೆಂಬ ಒಂದು ಶಾಸ್ತ್ರವೂ, ಅದನ್ನೇ ಮೋಕ್ಷಮಾರ್ಗವೆಂದು ನಂಬಿದ ಒಂದು ದರ್ಶನವೂ ಇದ್ದುವು. ಅವನ್ನು ಮರೆತರೆ ನಮ್ಮ ಶರಣರು ಏನನ್ನು ಸ್ವೀಕರಿಸಿದರು, ಏನನ್ನು ನಿರಾಕರಿಸಿದರು ಎಂಬುದೇ ಕಾಣದೆ ಹೋಗುವುದು. ಆ ಭೇದವನ್ನು ತೋರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಕ್ರಿ. ಶ. ೧೦೩೦ರ ಸುಮಾರಿನಲ್ಲಿ ಭಾರತವನ್ನು ಕುರಿತು ಗ್ರಂಥ ಬರೆದ ಅಲ್ಬೆರೂನಿಯು, ಹಿಂದೂಗಳಲ್ಲಿ ‘ರಸಾಯನ’ವೆಂಬ ವಿದ್ಯೆಯುಂಟೆಂದೂ, ಸೋಮನಾಥದ ಬಳಿಯ ದೈಹಕವೆಂಬ ಊರಿನ ನಾಗಾರ್ಜುನನು ತನಗಿಂತ ಸುಮಾರು ನೂರು ವರ್ಷಗಳ ಹಿಂದೆ ಅದರಲ್ಲಿ ಪ್ರಸಿದ್ಧನಾಗಿದ್ದನೆಂದೂ ಹೇಳಿ, ಚಿನ್ನದ ಆಸೆಗೆ ಮರುಳಾದ ಅರಸರನ್ನು ಹಳಿದಿದ್ದಾನೆ. ಗೋವಿಂದನ ‘ರಸಹೃದಯತಂತ್ರ’, ‘ರಸಾರ್ಣವ’, ನಿತ್ಯನಾಥನ ‘ರಸರತ್ನಾಕರ’, ವಾಗ್ಭಟನ ಹೆಸರಿನಲ್ಲಿರುವ ‘ರಸರತ್ನಸಮುಚ್ಚಯ’ ಮೊದಲಾದುವು ಈ ಶಾಸ್ತ್ರದ ಮುಖ್ಯ ಗ್ರಂಥಗಳು. ರಾಷ್ಟ್ರಕೂಟ ನೃಪತುಂಗನ ಕಾಲದವನೆಂದು ಹೇಳಲಾಗುವ ಉಗ್ರಾದಿತ್ಯಾಚಾರ್ಯನ ಸಂಸ್ಕೃತ ವೈದ್ಯಗ್ರಂಥವಾದ ‘ಕಲ್ಯಾಣಕಾರಕ’ದಲ್ಲಿಯೂ ರಸರಸಾಯನಕ್ಕೆ ಒಂದು ಅಧಿಕಾರವೇ ಮೀಸಲಾಗಿದೆ. ಈ ವಾಙ್ಮಯದ ಚರಿತ್ರೆಯನ್ನು ಮೊದಲು ಕ್ರಮವಾಗಿ ಬರೆದವರು ಆಚಾರ್ಯ ಪ್ರಫುಲ್ಲಚಂದ್ರ ರಾಯರು. ಹಿಂದೂ ರಸಾಯನಶಾಸ್ತ್ರದ ಚರಿತ್ರೆಯನ್ನು ಕುರಿತ ಅವರ ಗ್ರಂಥದ ಮೊದಲ ಸಂಪುಟವು ೧೯೦೨ರಲ್ಲಿಯೂ ಎರಡನೆಯದು ೧೯೦೯ರಲ್ಲಿಯೂ ಪ್ರಕಟವಾದುವು.

ರಸವೆಂದರೆ ಇಲ್ಲಿ ಪಾದರಸ. ಲೋಹವಾಗಿದ್ದೂ ದ್ರವವಾಗಿರುವುದು, ಬೆಂಕಿಗಿಟ್ಟರೆ ಕಾಣದಂತೆ ಹಾರಿಹೋಗಿ ತಣ್ಣನೆಯ ಪಾತ್ರೆಯಲ್ಲಿ ಮತ್ತೆ ಹನಿಗೂಡುವುದು, ಚಿನ್ನವನ್ನು ತನ್ನೊಳಗೆ ಕರಗಿಸಿಕೊಳ್ಳುವುದು, ಗಂಧಕದೊಡನೆ ಅರೆದರೆ ಕಾಡಿಗೆಯಾಗಿ, ಕಾಸಿದರೆ ಇಂಗಳೀಕದಂತೆ ಕೆಂಪಾಗುವುದು—ಈ ಗುಣಗಳನ್ನು ಕಂಡವರಿಗೆ ಅದು ಜೀವವುಳ್ಳ ವಸ್ತುವಾಗಿ ತೋರಿದುದು ಆಶ್ಚರ್ಯವಲ್ಲ. ಆದುದರಿಂದ ರಸವು ಶಿವನ ವೀರ್ಯವೆಂದೂ, ಅಭ್ರಕ ಗಂಧಕಗಳು ಗೌರಿಯ ಅಂಶಗಳೆಂದೂ ಶಾಸ್ತ್ರಕಾರರು ಭಾವಿಸಿದರು. ರಸವು ಚಿನ್ನವನ್ನು ‘ಗ್ರಾಸ’ವಾಗಿ ನುಂಗುವುದು, ‘ಮೂರ್ಛೆ’ ಹೋಗುವುದು, ‘ಬದ್ಧ’ವಾಗುವುದು, ‘ಮೃತ’ವಾಗುವುದು ಎಂಬ ಪರಿಭಾಷೆಯು ಈ ಭಾವನೆಯಿಂದಲೇ ಹುಟ್ಟಿತು.

ಸಿದ್ಧರಸವು ತಾನಾಗಿ ದೊರೆಯುವ ವಸ್ತುವಲ್ಲ. ಸ್ವೇದನ, ಮರ್ದನ, ಮೂರ್ಛನಗಳಿಂದ ಮೊದಲಾಗುವ ಹದಿನೆಂಟು ಸಂಸ್ಕಾರಗಳನ್ನು ಪಾದರಸಕ್ಕೆ ಮಾಡಬೇಕು. ಇವಕ್ಕಾಗಿ ಮೂಷೆಗಳೂ ಪುಟಗಳೂ, ದೋಲಾಯಂತ್ರ ಪಾತನಯಂತ್ರಾದಿಗಳೂ ಬೇಕು. ಗುರುವಿನ ಉಪದೇಶ ಬೇಕು, ದ್ರವ್ಯಬಲವೂ ಬೇಕು. ಕೊನೆಯ ಎರಡು ಸಂಸ್ಕಾರಗಳನ್ನು ವಿಶೇಷವಾಗಿ ಗಮನಿಸತಕ್ಕದ್ದು. ಹದಿನೇಳನೆಯದು ವೇಧ, ಎಂದರೆ ರಸವು ಕೀಳುಲೋಹವನ್ನು ಭೇದಿಸಿ ಚಿನ್ನವಾಗಿಸುವುದು. ಹದಿನೆಂಟನೆಯದು ಸೇವನ, ಎಂದರೆ ಸಾಧಕನು ಅದನ್ನು ತಿಂದು ದೇಹವನ್ನು ಸ್ಥಿರಪಡಿಸಿಕೊಳ್ಳುವುದು. ಹೀಗೆ ಚಿನ್ನವು ಈ ಶಾಸ್ತ್ರದ ಗುರಿಯಲ್ಲ, ಒರೆಗಲ್ಲು. ಲೋಹದಲ್ಲಿ ಫಲಿಸಿದ ರಸವು ದೇಹದಲ್ಲಿಯೂ ಫಲಿಸುವುದೆಂಬುದೇ ಇವರ ತರ್ಕ.

ಈ ತರ್ಕಕ್ಕೆ ದರ್ಶನದ ಪದವಿಯನ್ನು ಕೊಟ್ಟು ನಿರೂಪಿಸಿದ ಗ್ರಂಥವು ವಿಜಯನಗರದ ಆದಿಕಾಲಕ್ಕೆ ಸೇರಿದ ಮಾಧವನ ‘ಸರ್ವದರ್ಶನಸಂಗ್ರಹ’. ಅದರಲ್ಲಿ ಒಂಬತ್ತನೆಯದಾಗಿ ‘ರಸೇಶ್ವರದರ್ಶನ’ವು ಬರುವುದು. ಉಳಿದ ದರ್ಶನಗಳು ಹೇಳುವ ಮುಕ್ತಿಯು ದೇಹ ಬಿದ್ದ ಮೇಲೆ ಬರತಕ್ಕದ್ದು, ಅದನ್ನು ಕಂಡವರಿಲ್ಲ. ಜೀವನ್ಮುಕ್ತಿಯೇ ನಂಬತಕ್ಕದ್ದಾದರೆ ಅದಕ್ಕೆ ಕೆಡದ ದೇಹವು ಮೊದಲು ಬೇಕು. ಸಂಸಾರದ ಪಾರವನ್ನು ಕೊಡುವುದರಿಂದಲೇ ರಸಕ್ಕೆ ‘ಪಾರದ’ವೆಂದು ಹೆಸರು. ಇದು ಆ ದರ್ಶನದ ಸಾರ. ಮಾಧವನು ಹದಿನಾಲ್ಕನೆಯ ಶತಮಾನದವನಾದರೂ ಅವನು ಆಧಾರವಾಗಿ ಉದಾಹರಿಸುವ ‘ರಸಹೃದಯ’, ‘ರಸಾರ್ಣವ’ಗಳು ಅವನಿಗಿಂತ ಹಳೆಯವು. ಆದುದರಿಂದ ಈ ಮತವು ವಚನಕಾರರ ಕಾಲದ ಆವರಣಕ್ಕೆ ಹೊರಗಿನದೆಂದು ಹೇಳಲಾಗದು.

ಇನ್ನು ಪರುಷದ ವಿಚಾರ. ‘ಸ್ಪರ್ಶ’ದಿಂದ ಬಂದ ಈ ತದ್ಭವವೇ ತನ್ನ ಲಕ್ಷಣವನ್ನು ಹೇಳುತ್ತಿದೆ. ಇದು ಕಲ್ಲು, ಮಾಡಿದುದಲ್ಲ, ದೊರೆತುದು. ಇದಕ್ಕೆ ಸಂಸ್ಕಾರ ಬೇಡ, ಮೂಷೆ ಬೇಡ, ಬೆಂಕಿ ಬೇಡ, ಮುಟ್ಟಿದರೆ ಸಾಕು. ಸಿದ್ಧರಸವು ಪ್ರಯತ್ನದ ಫಲವಾದರೆ ಪರುಷವು ಪ್ರಸಾದದ ಪ್ರತೀಕ. ಗುರುಕಾರುಣ್ಯದಿಂದ ಒಂದೇ ಗಳಿಗೆಯಲ್ಲಿ ಪೂರ್ವಾಶ್ರಯವು ಅಳಿಯುವುದೆಂದು ಸಾರಿದ ಶರಣರಿಗೆ ಇವೆರಡರಲ್ಲಿ ಯಾವುದು ಹೆಚ್ಚು ಒಪ್ಪುವುದೆಂಬುದು ಸ್ಪಷ್ಟ. ಪರುಷ ಸೋಂಕಿದ ಕಬ್ಬಿಣವು ಮತ್ತೆ ಕಬ್ಬಿಣವಾಗದೆಂಬ ದೃಷ್ಟಾಂತವನ್ನು ವಚನಗಳಲ್ಲಿ ಕುಲನಿರಾಕರಣೆಗೆ ಬಳಸುವಾಗ, ಆ ಮಾತು ಬರಿಯ ಅಲಂಕಾರವಾಗಿ ನಿಲ್ಲುವುದಿಲ್ಲ. ಕಬ್ಬಿಣದ ಹಿಂದಿನ ಜಾತಿಯನ್ನು ಚಿನ್ನದಲ್ಲಿ ಹುಡುಕುವವನು ಮೂರ್ಖನೆಂಬ ವಾದವೇ ಅದರಲ್ಲಿ ಅಡಗಿದೆ. ವಚನಗಳಲ್ಲಿ ಸಿದ್ಧರಸದ ಮಾತೂ ಬರುವುದಲ್ಲವೆ ಎಂದು ಶಂಕಿಸಬಹುದು. ಬರುವುದು ನಿಜ, ಆದರೆ ಅಲ್ಲಿಯೂ ಒತ್ತು ಬೀಳುವುದು ಸಿದ್ಧವಾದ ರಸದ ಮಹಿಮೆಯ ಮೇಲೆ, ಅದನ್ನು ಸಾಧಿಸುವ ಹದಿನೆಂಟು ಸಂಸ್ಕಾರಗಳ ಮೇಲೆ ಅಲ್ಲ.

ಈ ಉಪಮಾನಕ್ಕೂ ಒಂದು ಎಲ್ಲೆಯುಂಟು. ಪರುಷವು ಕಬ್ಬಿಣವನ್ನು ಚಿನ್ನವಾಗಿಸುವುದೇ ಹೊರತು ಇನ್ನೊಂದು ಪರುಷವಾಗಿಸಲಾರದು. ಗುರುವಾದರೋ ಶಿಷ್ಯನನ್ನು ತನ್ನಂತೆಯೇ ಮಾಡುವನು. ಶಂಕರಾಚಾರ್ಯರ ಹೆಸರಿನಲ್ಲಿ ಪ್ರಚಲಿತವಾಗಿರುವ ‘ಶತಶ್ಲೋಕಿ’ಯು ಈ ಕೊರತೆಯನ್ನು ಹೇಳಿಯೇ ಆರಂಭವಾಗುವುದು.

ಅಕ್ಕಮಹಾದೇವಿಯು ಚೆನ್ನಮಲ್ಲಿಕಾರ್ಜುನನ ಗಿರಿಯನ್ನು ಬಣ್ಣಿಸುವ ಪ್ರಸಿದ್ಧ ವಚನವನ್ನು ಇಲ್ಲಿ ನೆನೆಯಬೇಕು. ಅಲ್ಲಿಯ ಗಿಡಗಳನ್ನು ಸಂಜೀವಿನಿಯಾಗಿಯೂ, ಕಲ್ಲುಗಳನ್ನು ಸ್ಪರ್ಶಮಣಿಗಳಾಗಿಯೂ, ನೀರನ್ನು ಮುಪ್ಪನ್ನು ಕಳೆಯುವ ಅಮೃತವಾಗಿಯೂ ಅವಳು ಕಾಣುತ್ತಾಳೆ. ಇದನ್ನು ಭಕ್ತಿಯ ಅತಿಶಯೋಕ್ತಿಯೆಂದಷ್ಟೇ ವಿವರಿಸುವುದುಂಟು. ಆದರೆ ಶ್ರೀಶೈಲವು ರಸಸಿದ್ಧರ ಮಹಾಕ್ಷೇತ್ರ. ನಿತ್ಯನಾಥನ ‘ರಸರತ್ನಾಕರ’ವು ಆ ಪರ್ವತದ ಅದ್ಭುತವಾದ ಮೂಲಿಕೆ, ಶಿಲೆ, ಜಲಗಳನ್ನು ಸಾಧಕರಿಗಾಗಿ ವಿವರಿಸುವುದು. ಅಕ್ಕನ ಪಟ್ಟಿಯೂ ರಸವಾದಿಯ ಪಟ್ಟಿಯೂ ಒಂದೇ. ಭೇದವಿರುವುದು ದೃಷ್ಟಿಯಲ್ಲಿ. ರಸವಾದಿಯು ಸಾವಿರ ಕಲ್ಲುಗಳಲ್ಲಿ ಆ ಒಂದನ್ನು ಅರಸಿ ಅಲೆಯುವನು. ಅಕ್ಕನಿಗೆ ಎಲ್ಲ ಕಲ್ಲುಗಳೂ ಪರುಷವೇ. ಎಲ್ಲವೂ ಪರುಷವಾದಲ್ಲಿ ಅರಸುವುದೆಲ್ಲಿ?

ನಿರಾಕರಣೆಯು ಪೂರ್ಣರೂಪದಲ್ಲಿ ಪ್ರಕಟವಾಗುವುದು ಅಲ್ಲಮಪ್ರಭು ಗೋರಕ್ಷರ ಸಮಾಗಮದಲ್ಲಿ. ಪ್ರೌಢದೇವರಾಯನ (೧೪೨೪–೧೪೪೬) ಕಾಲದ ಚಾಮರಸನ ‘ಪ್ರಭುಲಿಂಗಲೀಲೆ’ಯಲ್ಲಿಯೂ ‘ಶೂನ್ಯಸಂಪಾದನೆ’ಯಲ್ಲಿಯೂ ಈ ಪ್ರಸಂಗವು ಬರುವುದು. ಗೋರಕ್ಷನು ಕಾಯಸಿದ್ಧಿಯನ್ನು ಪಡೆದ ವಜ್ರದೇಹಿ. ಅವನ ಮೈಗೆ ಖಡ್ಗವನ್ನು ಬೀಸಿದರೆ ಖಣಿಲೆಂದಿತು, ಗಾಯವಾಗಲಿಲ್ಲ. ಅದೇ ಖಡ್ಗವನ್ನು ಪ್ರಭುವಿನ ಮೇಲೆ ಬೀಸಿದರೆ ಅದು ಬಯಲಿನಲ್ಲಿ ಆಡಿದಂತೆ ಆಡಿತು. ಸದ್ದೂ ಇಲ್ಲ, ತಡೆಯೂ ಇಲ್ಲ. ಗೋರಕ್ಷನ ಸಿದ್ಧಿಯು ಸುಳ್ಳೆಂದು ಕವಿಯು ಹೇಳಲಿಲ್ಲ. ಅದನ್ನು ಒಪ್ಪಿಕೊಂಡೇ ಅದು ಸಾಲದೆಂದು ತೋರಿಸಿದನು. ಸದ್ದಾಗುವವರೆಗೆ ದೇಹಭಾವವುಂಟು. ಕಬ್ಬಿಣದಂತೆ ಗಟ್ಟಿಯಾದ ದೇಹವೂ ದೇಹವೇ. ರಸೇಶ್ವರದರ್ಶನದ ಪರಮಪುರುಷಾರ್ಥವಾದ ಸ್ಥಿರದೇಹವು ಇಲ್ಲಿ ಪೂರ್ವಪಕ್ಷವಾಗಿದೆ, ಸಿದ್ಧಾಂತವು ಬಯಲು.

ಹಾಗಾದರೆ ರಸವಾದವು ವ್ಯರ್ಥವಾಯಿತೆ? ಮೂಷೆಯಲ್ಲಿ ಕಾಸಿ ಒಂದು ಮೂಲಧಾತುವನ್ನು ಇನ್ನೊಂದಾಗಿ ಮಾರ್ಪಡಿಸಲಾಗದೆಂಬುದನ್ನು ಇಂದಿನ ವಿಜ್ಞಾನವು ಸಿದ್ಧಪಡಿಸಿದೆ. ಪಾದರಸವು ದೇಹಕ್ಕೆ ವಿಷವೆಂಬುದೂ ನಿಶ್ಚಿತ. ಆದರೆ ರಸವಾದಿಗಳ ಕೈಗೆಲಸವು ಬರಿದಾಗಲಿಲ್ಲ. ‘ರಸಕ’ವೆಂಬ ಅದಿರಿನಿಂದ ತವರದಂತೆ ಹೊಳೆಯುವ ಸತ್ತ್ವವನ್ನು ಇಳಿಸುವ ಕ್ರಮವನ್ನು ‘ರಸರತ್ನಸಮುಚ್ಚಯ’ವು ವರ್ಣಿಸುವುದು. ಆ ಸತ್ತ್ವವೇ ಸತುವು. ರಾಜಸ್ಥಾನದ ಜಾವರ್ ಗಣಿಗಳ ಬಳಿ ದೊರೆತ ಮಣ್ಣಿನ ಮೂಷೆಗಳೂ ಕುಲುಮೆಗಳೂ ಇಂತಹುದೇ ವಿಧಾನವು ದೊಡ್ಡ ಪ್ರಮಾಣದಲ್ಲಿ ನಡೆದುದಕ್ಕೆ ಸಾಕ್ಷಿ. ಇಂಗ್ಲೆಂಡಿನ ಬ್ರಿಸ್ಟಲಿನಲ್ಲಿ ವಿಲಿಯಂ ಚಾಂಪಿಯನ್ನನು ಸತುವನ್ನು ಬಟ್ಟಿಯಿಳಿಸುವ ಹಕ್ಕುಪತ್ರ ಪಡೆದುದು ೧೭೩೮ರಲ್ಲಿ.

ಚಿನ್ನವನ್ನು ಅರಸಿ ಹೊರಟವರು ಸತುವನ್ನು ಬಿಟ್ಟುಹೋದರು. ಅವರ ಮಾತನ್ನು ಎತ್ತಿಕೊಂಡ ಶರಣರು ಅದರಿಂದ ಬೇರೊಂದು ಅರ್ಥವನ್ನು ತೆಗೆದರು. ಆದುದರಿಂದ ವಚನದಲ್ಲಿ ಪರುಷ ಸಿದ್ಧರಸಗಳು ಬಂದಾಗ, ಇದು ದೊರೆತುದೋ ಮಾಡಿದುದೋ, ಮಾರ್ಪಾಟು ಸ್ಪರ್ಶದಿಂದಲೋ ಸಂಸ್ಕಾರದಿಂದಲೋ, ಫಲವು ದೇಹದ ಉಳಿವೋ ದೇಹಭಾವದ ಅಳಿವೋ ಎಂಬ ಮೂರು ಪ್ರಶ್ನೆಗಳನ್ನು ವಿದ್ಯಾರ್ಥಿಗಳ ಮುಂದಿಡುವುದು ಉಪಾಧ್ಯಾಯರಿಗೆ ಉಚಿತ. ಈ ಪದಗಳ ಪ್ರಯೋಗಗಳನ್ನೆಲ್ಲ ಸಂಗ್ರಹಿಸಿ ಪರಿಶೀಲಿಸಿದರೆ ಇಲ್ಲಿ ಸೂಚಿಸಿದ ಭೇದವು ಎಷ್ಟರಮಟ್ಟಿಗೆ ನಿಲ್ಲುವುದೆಂಬುದು ನಿರ್ಧಾರವಾಗುವುದು. ಆ ಕಾರ್ಯಕ್ಕೆ ವಿದ್ವಾಂಸರು ಗಮನ ಕೊಡಬೇಕೆಂದು ವಿಜ್ಞಾಪನೆ.