ಹಿತ್ತಲಿನ ವೀಳ್ಯದ ಬಳ್ಳಿ

ನಂಜನಗೂಡು ತಾಲ್ಲೂಕಿನ ಹೆಡತಲೆ ಗ್ರಾಮವು ಹೊಯ್ಸಳರ ಕಾಲದ ಲಕ್ಷ್ಮೀಕಾಂತಸ್ವಾಮಿಯ ತ್ರಿಕೂಟ ದೇವಾಲಯದಿಂದ ಪ್ರಸಿದ್ಧವಾದುದು. ಅಲ್ಲಿಯ ‘ಹದಿನಾರು ಮುಖದ ಚಾವಡಿ’ಯನ್ನು ಕುರಿತು ಒಂದು ಐತಿಹ್ಯವುಂಟು. ಆ ಸೀಮೆಯ ನಾಯಕನೊಬ್ಬನು ತನ್ನ ಹದಿನಾರು ಮಂದಿ ಅಳಿಯಂದಿರಲ್ಲಿ ಮೇಲು ಕೀಳೆಂಬ ಮಾತು ಬಾರದಂತೆ ಎಲ್ಲರನ್ನೂ ಸಮಾನವಾಗಿ ಕುಳ್ಳಿರಿಸಲು ಅದನ್ನು ಕಟ್ಟಿಸಿದನೆಂದು ಜನರು ಹೇಳುವರು. ಅಳಿಯನಾಗಲಿ ಅತಿಥಿಯಾಗಲಿ, ಕುಳಿತವನಿಗೆ ಸಲ್ಲುವ ಮರ್ಯಾದೆಯು ಈ ನಾಡಿನಲ್ಲಿ ಎಲೆ ಅಡಿಕೆಯಿಲ್ಲದೆ ಪೂರ್ಣವಾಗುವುದಿಲ್ಲ. ಚಾವಡಿಯು ಕಲ್ಲಾದುದರಿಂದ ಇಂದಿಗೂ ನಿಂತಿದೆ. ಎಲೆಯಾದರೋ ಬೆಳಗ್ಗೆ ಕಿತ್ತರೆ ಎರಡು ದಿನಗಳಲ್ಲಿ ಬಾಡುವ ವಸ್ತು. ಅದು ಇಷ್ಟು ಶತಮಾನ ಉಳಿದು ಬಂದ ಬಗೆಯು ವಿಚಾರಾರ್ಹವಾದುದು.

ವೀಳ್ಯದ ಬಳ್ಳಿಯ ಮೂಲಸ್ಥಾನವು ಮಲಯ ದ್ವೀಪಗಳ ಕಡೆಯೆಂಬುದು ಸಸ್ಯಶಾಸ್ತ್ರಜ್ಞರ ಸಾಮಾನ್ಯ ಅಭಿಪ್ರಾಯ. ಸಂಸ್ಕೃತದಲ್ಲಿ ನಾಗವಲ್ಲಿಯೆಂದೂ ತಾಂಬೂಲವೆಂದೂ ಹೆಸರಾಂತ ಇದು ಕನ್ನಡನಾಡಿನಲ್ಲಿ ಅರಮನೆ ಗುಡಿಸಲುಗಳೆರಡನ್ನೂ ಹೊಕ್ಕಿತು. 12ನೆಯ ಶತಮಾನದ ಪೂರ್ವಾರ್ಧದಲ್ಲಿ ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ರಚಿಸಿದ ‘ಮಾನಸೋಲ್ಲಾಸ’ದಲ್ಲಿ ರಾಜಭೋಗಗಳ ಸಾಲಿಗೆ ತಾಂಬೂಲಭೋಗವೂ ಸೇರಿದೆ. ಅದೇ ಶತಮಾನದಲ್ಲಿ ಬಸವಣ್ಣನವರ ಬಳಿಯಿದ್ದ ಅಪ್ಪಣ್ಣನು ವೀಳ್ಯದ ಸಂಚಿಯನ್ನು ಹಿಡಿಯುವ ಕಾಯಕದಿಂದಲೇ ‘ಹಡಪದ ಅಪ್ಪಣ್ಣ’ನೆಂದು ವಚನಕಾರರಲ್ಲಿ ಖ್ಯಾತನಾದನು. 1443ರಲ್ಲಿ ವಿಜಯನಗರಕ್ಕೆ ಬಂದ ಪಾರಸಿಕ ರಾಯಭಾರಿ ಅಬ್ದುರ್ ರಜಾಕನು ಈ ಎಲೆಯ ಗುಣವನ್ನು ಬಹುವಾಗಿ ಹೊಗಳಿರುವನು. ದಂಡಿಗೆ ಹೊರಟವನಿಗೆ ರಣವೀಳ್ಯ, ಮದುವೆ ಗೊತ್ತಾದವರಿಗೆ ವೀಳ್ಯಶಾಸ್ತ್ರ. ಕೊಟ್ಟ ಮಾತಿಗೆ ಎಲೆಯೇ ಸಾಕ್ಷಿ.

ಇಂಥ ಬಳ್ಳಿಗೆ ಒಂದು ವಿಶೇಷವುಂಟು. ಇದರಲ್ಲಿ ಗಂಡು ಹೆಣ್ಣು ಬಳ್ಳಿಗಳು ಬೇರೆ ಬೇರೆ. ನಮ್ಮ ನಾಡಿನಲ್ಲಿ ಇದು ಬೀಜ ಕಟ್ಟುವುದು ಅಪೂರ್ವ. ಆದುದರಿಂದ ತುಂಡುಗಳಿಂದಲೇ ಇದರ ವಂಶ ನಡೆಯಬೇಕು. ಯೂರೋಪಿನಲ್ಲಿ ಬಿಯರಿಗೆ ಕಹಿಯನ್ನೂ ಪರಿಮಳವನ್ನೂ ಕೊಡುವ ಹಾಪ್ ಬಳ್ಳಿಯ ರೀತಿಯೂ ಹೀಗೆಯೇ. 16ನೆಯ ಶತಮಾನದಲ್ಲಿ ಇಂಗ್ಲೆಂಡಿನ ಕೆಂಟ್ ಸೀಮೆಯಲ್ಲಿ ನೆಲೆಯೂರಿದ ಆ ಬೆಳೆಯಲ್ಲಿ ಹೆಣ್ಣು ಬಳ್ಳಿಯ ಹೂಗೊಂಚಲೇ ಬೇಕಾದುದು. ಅದನ್ನು ಬೇರಿನ ತುಂಡುಗಳಿಂದ ವೃದ್ಧಿಗೊಳಿಸುವರು. ಆದರೆ ಹಾಪಿಗೆ ಬೇಸಗೆಯ ದೀರ್ಘವಾದ ಹಗಲೂ ಚಳಿಗಾಲದ ವಿಶ್ರಾಂತಿಯೂ ಬೇಕು. ವೀಳ್ಯಕ್ಕೆ ವರ್ಷವಿಡೀ ತೇವವೂ ನೆರಳೂ ಬೆಚ್ಚನೆಯ ಗಾಳಿಯೂ ಬೇಕು. ಬೀಜವನ್ನು ಮಡಕೆಯಲ್ಲಿಟ್ಟು ಹತ್ತು ತಿಂಗಳು ಮರೆಯಬಹುದು. ಬಳ್ಳಿಯನ್ನು ಹಾಗೆ ಮರೆಯುವಂತಿಲ್ಲ. ಇಂದು ಹಿತ್ತಲಿನಲ್ಲಿರುವ ವೀಳ್ಯವು ಅಜ್ಜಿಯೋ ನೆರೆಯವರೋ ಕೊಟ್ಟ ತುಂಡಿನ ಮುಂದುವರಿಕೆ. ಅವರ ಬಳ್ಳಿಯು ಅದಕ್ಕೂ ಹಿಂದಿನವರದರ ಮುಂದುವರಿಕೆ.

ಇದನ್ನು ಮನೆಯಲ್ಲಿ ಬೆಳೆಸುವ ಕ್ರಮವು ಕಠಿನವಾದುದಲ್ಲ. ಮೊದಲು ಅಗಸೆ, ನುಗ್ಗೆ, ಹಾಲುವಾಣಗಳಲ್ಲಿ ಒಂದನ್ನು ನೆಟ್ಟು ಕೆಲವು ತಿಂಗಳು ಬೆಳೆಯಗೊಡಬೇಕು. ಬಳಿಕ ಆರೋಗ್ಯವಾದ ಬಳ್ಳಿಯ ಮೇಲ್ಭಾಗದಿಂದ ನಾಲ್ಕೈದು ಗೆಣ್ಣಿನ ತುಂಡನ್ನು ತಂದು, ಎರಡು ಗೆಣ್ಣು ಮಣ್ಣಿನೊಳಗೆ ಇರುವಂತೆ ಮರದ ಬುಡದಲ್ಲಿ ನೆಡುವುದು. ಕೊಟ್ಟಿಗೆಗೊಬ್ಬರ ಹಾಕಿ ತೇವವನ್ನು ಕಾಯಬೇಕು. ಆದರೆ ನೀರು ನಿಂತರೆ ಬುಡ ಕೊಳೆತು ಬಳ್ಳಿ ಸಾಯುವುದು. ಹಬ್ಬಿದಂತೆಲ್ಲ ಬಾಳೆನಾರಿನಿಂದ ಸಡಿಲವಾಗಿ ಕಟ್ಟುತ್ತಿರಬೇಕು. ಬಳ್ಳಿಯು ಕೈಗೆ ಎಟುಕದಷ್ಟು ಏರಿದಾಗ ಅದನ್ನು ಬಿಚ್ಚಿ ಇಳಿಸಿ, ಎಲೆಯಿಲ್ಲದ ಕೆಳಭಾಗವನ್ನು ಸುರುಳಿ ಸುತ್ತಿ ಮಣ್ಣಿನಲ್ಲಿ ಹೂಳಿ, ತುದಿಯನ್ನು ಪುನಃ ಮರಕ್ಕೆ ಹಬ್ಬಿಸುವರು. ಹೂತ ಗೆಣ್ಣುಗಳಲ್ಲಿ ಹೊಸ ಬೇರು ಒಡೆದು, ಮುದಿ ಬಳ್ಳಿಗೆ ಮತ್ತೆ ಪ್ರಾಯ ಬರುವುದು.

ಮೈಸೂರಿನ ಎಲೆಯ ಕೀರ್ತಿಯು ಈ ಆರೈಕೆಯಿಂದಲೇ ಬೆಳೆದುದು. ಮಹಾರಾಜರ ತೋಟದಲ್ಲಿ ಆರಂಭವಾಗಿ ಸುತ್ತಣ ಗ್ರಾಮಗಳಿಗೆ ಹರಡಿತೆಂದು ಹೇಳಲಾಗುವ ಮೈಸೂರು ಚಿಗುರೆಲೆಯು ನಂಜನಗೂಡು ರಸ್ತೆಯ ಇಕ್ಕೆಲದ ತೋಟಗಳಲ್ಲಿ ಹುಲುಸಾಗಿ ಬೆಳೆಯುತ್ತಿತ್ತು. ಮೃದುತ್ವವೂ ಹಿತವಾದ ಖಾರವೂ ಅದರ ಲಕ್ಷಣ. 1903ರಲ್ಲಿ ನಗರಾಭಿವೃದ್ಧಿಗೆಂದು ವಿಶ್ವಸ್ತ ಮಂಡಳಿಯು ಸ್ಥಾಪಿತವಾದ ಮೇಲೆ ಪಟ್ಟಣವು ಕ್ರಮವಾಗಿ ವಿಸ್ತರಿಸಿತು. ಬರುಬರುತ್ತ ಎಲೆತೋಟಗಳಿದ್ದ ನೆಲವೂ ಮನೆಯ ನಿವೇಶನವಾಯಿತು. ನಂಜನಗೂಡಿನ ರಸಬಾಳೆ, ಮೈಸೂರು ಮಲ್ಲಿಗೆಗಳೊಡನೆ ಈ ಎಲೆಗೂ 2005-06ನೆಯ ಸಾಲಿನಲ್ಲಿ ಭೌಗೋಳಿಕ ಗುರುತಿನ ಮನ್ನಣೆ ದೊರೆಯಿತು. ಆದರೆ ಮನ್ನಣೆಯ ಪತ್ರವು ಹೆಸರನ್ನು ಮಾತ್ರ ಕಾಯಬಲ್ಲದು. ಬಳ್ಳಿಗೆ ಮಣ್ಣು ಬೇಕು.

ತಾಂಬೂಲ ಮೆಲ್ಲುವ ಅಭ್ಯಾಸವೂ ಹಿಂದಿನಂತಿಲ್ಲ. ಹೊಗೆಸೊಪ್ಪಿಲ್ಲದಿದ್ದರೂ ಅಡಿಕೆ ಸೇರಿದ ವೀಳ್ಯವು ಅರ್ಬುದಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಂಶೋಧನಾ ಶಾಖೆಯು 2004ರ ವರದಿಯಲ್ಲಿ ನಿರ್ಣಯಿಸಿರುವುದರಿಂದ ಅದನ್ನು ಬಿಟ್ಟವರನ್ನು ದೂರಲಾಗದು. ಆದರೆ ಕಲಶದ ಮೇಲಣ ಎಲೆಗೂ, ಮುತ್ತೈದೆಗೆ ನೀಡುವ ತಾಂಬೂಲಕ್ಕೂ ಈ ದೋಷ ತಟ್ಟುವುದಿಲ್ಲ. ತೋಟಗಳು ಕುಗ್ಗಿದ ಕಾಲದಲ್ಲಿ ಬಳ್ಳಿಯ ಭಾರವು ಗೃಹಸ್ಥರ ಹಿತ್ತಲಿನ ಮೇಲೆ ಬಿದ್ದಿರುವುದು. ಬಾವಿಯ ಬಚ್ಚಲ ನೀರು ಹರಿದುಹೋಗುವ ಕಡೆ ಒಂದು ನುಗ್ಗೆಯ ಮರವೂ, ಕೇಳಿದವರಿಗೆ ನಾಲ್ಕು ಗೆಣ್ಣು ಕತ್ತರಿಸಿ ಕೊಡುವ ಮನಸ್ಸೂ ಇದ್ದರೆ ಸಾಕು. ಒಂದು ತಲೆಮಾರು ಕೈಬಿಟ್ಟರೆ, ಮುಂದಿನವರಿಗೆ ಬಿತ್ತಲು ಇದರ ಬೀಜವೂ ಇರುವುದಿಲ್ಲ.